ಖಾರವಿಲ್ಲದ ಬ್ಯಾಡಗಿ

೧

ಹೇಗೆ ಶುರು ಮಾಡಬೇಕು ಈ ಕಥೆಯನ್ನು? ನಿಮ್ಮನ್ನು ಕೇಳುತ್ತಿಲ್ಲ, ಸುಮ್ಮನೆ ಕೂತುಕೊಳ್ಳಿ. ನಿಮ್ಮನ್ನು ಕೇಳಿದರೆ ಬೆಳಗಿನ ಕಾಫಿಯಿಂದ ಶುರು ಮಾಡು ಅನ್ನುತ್ತೀರಿ, ಎರಡನೇ ಪ್ಯಾರಾಕ್ಕೆ ಬರುವ ಹೊತ್ತಿಗೆ ನೀವೇ ಫೋನು ನೋಡುತ್ತಿರುತ್ತೀರಿ. ನಾನು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಕೂತು ಕನ್ನಡದಲ್ಲಿ ಕಥೆ ಬರೆಯುವ ಹೆಂಗಸು. ಈ ಊರಿನಲ್ಲಿರುವ ನನ್ನ ಓದುಗರನ್ನೆಲ್ಲ ಒಂದೇ ಆಟೋದಲ್ಲಿ ಕೂರಿಸಬಹುದು, ಡ್ರೈವರ್ ಪಕ್ಕ ಯಾರೂ ಕೂರಬೇಕಾಗಿಲ್ಲ. ಹಾಗಾಗಿ ಓದುಗರ ಮರ್ಜಿ ಕಾಯುವ ಅಭ್ಯಾಸ ನನಗಿಲ್ಲ.

ಮೆಣಸಿನಕಾಯಿಯಿಂದ ಶುರು ಮಾಡುತ್ತೇನೆ. ವಡೋದರಾದ ಗೋರ್ವಾದಲ್ಲಿ, ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಗಂಡಸೊಬ್ಬ ಬನಿಯನ್ನಿನಲ್ಲಿ ಕುಕ್ಕರಗಾಲು ಹಾಕಿ ಕೂತಿದ್ದಾನೆ. ಕೈಯಲ್ಲಿ ಹೆಂಡತಿಯ ಹುಬ್ಬು ಕೀಳುವ ಚಿಮಟ. ಬ್ಯಾಡಗಿ ಮೆಣಸಿನ ಗಿಡದ ಮೊಗ್ಗು ಅರಳುವ ಮೊದಲೇ ಅದರ ಗಂಡು ಭಾಗವನ್ನು ಒಂದೊಂದಾಗಿ ಕಿತ್ತು, ಪಕ್ಕದ ಡಬ್ಬದ ದೊಣ್ಣೆ ಮೆಣಸಿನಕಾಯಿ ಹೂವಿನ ಪರಾಗವನ್ನು ಸಣ್ಣ ಬ್ರಶ್ಶಿನಲ್ಲಿ ಸವರುತ್ತಿದ್ದಾನೆ. ಸವರಿ ತೊಟ್ಟಿಗೊಂದು ಕೆಂಪು ದಾರ ಕಟ್ಟಿದರೆ ಅಲ್ಲಿಗೆ ತಳಿಸಂಕರ ಮುಗಿಯಿತು. (ಇಷ್ಟು ಕಲಿಯಲು ಅವನಿಗೆ ಇಡೀ ಒಂದು ಮಳೆಗಾಲ ಬೇಕಾಯಿತು. ಜೇನುನೊಣಕ್ಕೆ ಯಾರೂ ಕಲಿಸುವುದಿಲ್ಲ.)

ಅವನ ಹೆಸರು ಉಮಾಕಾಂತ. ಹಾವೇರಿ ಜಿಲ್ಲೆಯವನು, ಹುಟ್ಟಿದ ಮನೆ ಬ್ಯಾಡಗಿಗೆ ಕೂಗಳತೆಯ ದೂರ. ವಿಮಾ ಕಚೇರಿಯ ಕೆಲಸದಲ್ಲಿ ವರ್ಗವಾಗಿ ವಡೋದರಾಕ್ಕೆ ಬಂದವನು ಇಲ್ಲೇ ಉಳಿದುಬಿಟ್ಟ. ಬಂದು ಕಲಿತದ್ದು ಎರಡೇ. ಒಂದು, ಷೇರು ಪೇಟೆಯ ಬಗ್ಗೆ ಗೊತ್ತಿದ್ದವನಂತೆ ಮಾತಾಡುವುದು. ಇನ್ನೊಂದು, ಮಾವಾ ಜಗಿಯುವುದು. ಅಡಿಕೆ ಚೂರು, ತಂಬಾಕು, ಸುಣ್ಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ದವಡೆಗೆ ಒತ್ತಿಕೊಳ್ಳುವ ಪದಾರ್ಥ ಅದು. ಹದಿನೈದು ವರ್ಷ ಒತ್ತಿಕೊಂಡ. ಈಗ ಅವನ ಬಾಯಿ ಎರಡು ಬೆರಳಿಗಿಂತ ಅಗಲ ತೆರೆಯುವುದಿಲ್ಲ, ಖಾರ ತಗಲಿದರೆ ಕೆನ್ನೆಯೊಳಗೆ ಬೆಂಕಿ. ಅದೂ ಎಂಥ ಖಾರ? ಬ್ಯಾಡಗಿ ಅಂದರೆ ಬಣ್ಣ ಮತ್ತು ಘಮ, ಖಾರ ಅದಕ್ಕೆ ಲೆಕ್ಕಕ್ಕಿಲ್ಲ. ಅಷ್ಟನ್ನೂ ತಡೆಯಲಾರದೆ ಬ್ಯಾಡಗಿ ಕಡೆಯ ಗಂಡಸು ಬೆಲ್ಲ ಹಾಕಿದ ಗುಜರಾತಿ ಬೇಳೆ ಸುರಿದುಕೊಂಡು ಉಣ್ಣುತ್ತಿದ್ದಾನೆ.

ಅಹಮದಾಬಾದಿನ ಆಸ್ಪತ್ರೆಯೊಂದರ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎಡಗೆನ್ನೆಯ ಒಳಗಿನ ಬಿಳಿ ಕಲೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಮುಂದಿನ ವಾರ ಬನ್ನಿ ಅಂದರು. ಉಮಾಕಾಂತ ಆ ಸಂಜೆಯೇ ಮಾವಾ ಬಿಟ್ಟ. ನಿಜವಾಗಿಯೂ ಬಿಟ್ಟ, ಅಷ್ಟನ್ನು ಒಪ್ಪುತ್ತೇನೆ. ಆದರೆ ಮುಂದಿನ ವಾರ ಆಸ್ಪತ್ರೆಗೆ ಹೋಗಲಿಲ್ಲ, ಬಾಲ್ಕನಿಯಲ್ಲಿ ಬೀಜ ಬಿತ್ತಿದ. ಬ್ಯಾಡಗಿಯ ಬಣ್ಣ, ಬ್ಯಾಡಗಿಯ ಘಮ, ದೊಣ್ಣೆ ಮೆಣಸಿನಕಾಯಿಯ ಸಪ್ಪೆ: ಇಂಥದೊಂದು ಕಾಯಿಯನ್ನು ತಾನೇ ಹುಟ್ಟಿಸುತ್ತೇನೆ, ಆಮೇಲೆ ಎಲ್ಲ ಮೊದಲಿನ ಹಾಗೆ ಉಣ್ಣಬಹುದು ಎಂದು ತೀರ್ಮಾನಿಸಿದ.

೨

ಹೊಡೆದುಹಾಕಿದ ಕರಡುಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನನ್ನ ಶ್ರಮ ನಿಮಗೂ ತಿಳಿಯಲಿ.

ಮೊದಲ ಕರಡಿನಲ್ಲಿ ಉಮಾಕಾಂತನಿಗೆ ಒಬ್ಬ ಮಗಳಿದ್ದಳು, ಕೃಪಾ. ಇಲ್ಲೇ ಬೆಳೆದವಳು, ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ಅವಳು ರಾಕೇಶ್ ಎಂಬ ಗುಜರಾತಿ ಹುಡುಗನನ್ನು ಪ್ರೀತಿಸುತ್ತಾಳೆ. ಅಪ್ಪ ಬಾಲ್ಕನಿಯಲ್ಲಿ ಎರಡು ಜಾತಿಯ ಮೆಣಸಿನಕಾಯಿ ಬೆರೆಸುತ್ತಾ ಬೆರೆಸುತ್ತಾ ಜ್ಞಾನೋದಯವಾಗಿ ಮದುವೆಗೆ ಒಪ್ಪುತ್ತಾನೆ. ನಿಮ್ಮ ಮುಖ ಅರಳಿದ್ದು ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ತಳಿಸಂಕರ ಅಂದ ಕೂಡಲೇ ಅಂತರ್ಜಾತಿ ವಿವಾಹ, ನಿಮಗೆ ಅಷ್ಟಾದರೆ ಸಾಕು, ಬಹುಮಾನ ಕೊಡುವ ಸಮಿತಿಗೂ ಸಾಕು. ನನಗೆ ವಾಕರಿಕೆ ಬಂತು. ಮಗಳನ್ನು ಡಿಲೀಟ್ ಮಾಡಿದೆ, ರಾಕೇಶನನ್ನೂ ಮಾಡಿದೆ. ಒಂದು ಬೆರಳಿನ ಕೆಲಸ, ಶ್ರಾದ್ಧದ ಖರ್ಚೂ ಇಲ್ಲ.

ಎರಡನೇ ಕರಡಿನಲ್ಲಿ ಉತ್ತರಾಯಣದ ದಿನ ಗಾಳಿಪಟದ ಗಾಜುಪುಡಿ ಮೆತ್ತಿದ ಮಾಂಜಾ ದಾರ ಬಂದು ಗಿಡದ ಕತ್ತು ಕೊಯ್ಯುತ್ತಿತ್ತು. ಗುಜರಾತ್ ಅಂದರೆ ಗಾಳಿಪಟ, ಗರ್ಬಾ, ಢೋಕ್ಲಾ. ಇದನ್ನು ಬರೆಯಲು ಪ್ರವಾಸದ ಬ್ರೋಷರ್ ಮಾಡುವವರಿದ್ದಾರೆ, ಅವರ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ ಎಂದು ಅದನ್ನೂ ಬಿಟ್ಟೆ.

ಉಳಿದವರು ಇಬ್ಬರೇ, ಉಮಾಕಾಂತ ಮತ್ತು ಅವನ ಹೆಂಡತಿ ಜಲಜಾ. ಜಲಜಾ ಧಾರವಾಡದವಳು, ರಂಜಕವಿಲ್ಲದೆ ರೊಟ್ಟಿ ಮುರಿಯುವವಳಲ್ಲ. ಹಣ್ಣು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಲಿಂಬೆರಸ ಹಾಕಿ ರುಬ್ಬಿದ ಕೆಂಪು ಚಟ್ನಿ ಅದು. ಈಗ ಮನೆಯಲ್ಲಿ ದಿನಾ ಎರಡು ಅಡುಗೆ, ಗಂಡನಿಗೆ ಸಪ್ಪನೆಯದು, ತನಗೆ ಬೇರೆ. ಅವನು ಹಾಲ್‌ನಲ್ಲಿ ಟಿವಿ ಮುಂದೆ ಉಣ್ಣುತ್ತಾನೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುತ್ತಾಳೆ, ರಂಜಕದ ವಾಸನೆ ಬಡಿದು ಅವನಿಗೆ ಸಂಕಟವಾಗದಿರಲಿ ಎಂದು. ಮದುವೆಯಾದ ಮೇಲೆ ಒಂದೇ ತಾಟಿನಲ್ಲಿ ಉಂಡವರು ಇವರು. ಇದರಿಂದ ನಿಮ್ಮ ಕಣ್ಣು ತೇವವಾದರೆ ನಾನು ಜವಾಬ್ದಾರಳಲ್ಲ.

೩

ಕೆಂಪು ದಾರದ ಕಾಯಿಯ ಬೀಜದಿಂದ ಮರುವರ್ಷ ಮೂರು ಗಿಡ ಎದ್ದವು. ನವೆಂಬರಿನ ಹೊತ್ತಿಗೆ ಮೂರಕ್ಕೂ ಮೈತುಂಬ ಮೊಗ್ಗು. ಆಗ ಉಮಾಕಾಂತ ಒಂದು ಘನಕಾರ್ಯ ಮಾಡಿದ.

ಅವನ ಗುರು ಯೂಟ್ಯೂಬಿನ ಒಬ್ಬ ಗಡ್ಡದವನು. ಗಡ್ಡದವನ ದೇಶದಲ್ಲಿ ಹಿಮ ಬೀಳುತ್ತದೆ. ಚಳಿಗಾಲ ಹತ್ತಿರವಾದಾಗ ಮೆಣಸಿನ ಗಿಡವನ್ನು ಮೋಟಾಗಿ ಕತ್ತರಿಸಿ, ಎಲೆ ಕಿತ್ತು, ಬೇರಿನ ತುದಿ ಕತ್ತರಿಸಿ ಮನೆಯೊಳಗಿನ ಮಬ್ಬು ಮೂಲೆಯಲ್ಲಿಡಿ, ಅಪರೂಪಕ್ಕೆ ಗುಟುಕು ನೀರು ಕೊಡಿ, ಚಳಿ ಕಳೆದ ಮೇಲೆ ಚಿಗುರುತ್ತದೆ ಎಂದು ಅವನು ಹೇಳುತ್ತಾನೆ. ಅಲ್ಲಿ ಹಾಗೆ ಮಾಡದಿದ್ದರೆ ಗಿಡ ಹೆಪ್ಪುಗಟ್ಟಿ ಸಾಯುತ್ತದೆ, ಸರಿಯೇ. ವಡೋದರಾದಲ್ಲಿ ಡಿಸೆಂಬರಿನ ಮಧ್ಯಾಹ್ನ ಜನ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ. ಮೆಣಸಿನಕಾಯಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲವೇ ಇಲ್ಲ. ಬ್ಯಾಡಗಿಯ ಪೇಟೆ ಕೆಂಪಾಗುವುದೂ ಚಳಿಗಾಲದಲ್ಲೇ, ಅದನ್ನು ನೋಡುತ್ತಲೇ ದೊಡ್ಡವನಾದ ಈ ಮಹಾಶಯ ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು ಗಡ್ಡದವನ ಮಾತನ್ನು ನಂಬಿದ. ಇಂಗ್ಲಿಷಿನಲ್ಲಿ ಹೇಳಿದ್ದನಲ್ಲ, ಅದಕ್ಕೆ.

"ಏನ್ರಿ ಇದು," ಅಂದಳು ಜಲಜಾ. "ಮೊಗ್ಗು ಬಿಟ್ಟ ಗಿಡಾ ಬೋಳಿಸಿ ಕುಂತೀರಲ್ಲ."

"ಚಳಿಗಾಲ ದಾಟಸಬೇಕ ಅದನ್ನ. ನಿನಗ ತಿಳಿಯಂಗಿಲ್ಲ."

"ಎಲ್ಲೈತ್ರಿ ಚಳಿ? ನಾ ಇನ್ನ ಸ್ವೆಟರ್ ಹೊರಗ ತಗದಿಲ್ಲ. ನೀವು ಬೆವರು ಒರಸ್ಕೋತ ಗಿಡಕ್ಕ ರಗ್ಗು ಹೊಚ್ಚಾಕ ಹತ್ತೀರಿ."

"ಸುಮ್ಮನಿರ. ಅಂವಾ ನಲವತ್ತು ವರ್ಷದಿಂದ ಬೆಳೀತಾನ."

"ಬೆಳೀಲೇಳ್ರಿ. ಅಂವನ ಮನೀ ಮುಂದ ಹಿಮಾ ಬೀಳತೈತಿ. ನಮ್ಮನೀ ಮುಂದ ಬಿದ್ದಿದ್ದು ಮ್ಯಾಲಿನವರು ಒಣಗಾಕಿದ ಸೀರಿ ಒಂದ."

ಮೂರು ಮೋಟುಗಳೂ ಸ್ಟೋರ್ ರೂಮಿನಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಹಳೆಯ ಕೂಲರಿನ ಹಿಂದೆ ಸೇರಿದವು. ಎರಡು ಕಾಂಡ ಕಪ್ಪಾಗಿ ಮೆತ್ತಗಾಗಿ ಸತ್ತವು. ಮೂರನೆಯದನ್ನು ಜಲಜಾ ಗಂಡ ಆಫೀಸಿಗೆ ಹೋದ ಮೇಲೆ ಬಿಸಿಲಿಗೆ ಇಟ್ಟು, ಅವನು ಬರುವಷ್ಟರಲ್ಲಿ ಒಳಗೆ ಇಡುತ್ತಿದ್ದಳು. ಜನವರಿಯಲ್ಲಿ ಅದು ಚಿಗುರಿತು.

"ನೋಡಿದಿ? ಟೆಕ್ನಿಕ್," ಅಂದ ಉಮಾಕಾಂತ.

ಜಲಜಾ ಹೂಂ ಅಂದಳು. ಅವಳು ಬಾಯಿ ಬಿಡುತ್ತಾಳೆ ಎಂದು ನಾನು ಕಾದೆ, ಒಂದು ಒಳ್ಳೆಯ ಜಗಳ ಬರೆಯಬಹುದಿತ್ತು. ಅವಳು ಬಿಡಲಿಲ್ಲ. ಇಂಥ ಹೆಂಗಸರಿಂದ ಕಥೆಗಾರರಿಗೆ ತುಂಬ ನಷ್ಟ.

೪

ಮಾರ್ಚಿನಲ್ಲಿ ಕಾಯಿ ಕೆಂಪಾಯಿತು. ಬ್ಯಾಡಗಿಯಂತೆ ಸುಕ್ಕು, ದೊಣ್ಣೆ ಮೆಣಸಿನಕಾಯಿಯಂತೆ ಅಗಲ ಭುಜ, ಸೀಳಿದರೆ ಘಮ ಅಡುಗೆಮನೆಯವರೆಗೆ. ಉಮಾಕಾಂತ ಉಗುರಿನಷ್ಟು ಚೂರು ನಾಲಿಗೆಯ ಮೇಲಿಟ್ಟುಕೊಂಡ. ಆಮೇಲೆ ಬಹಳ ಹೊತ್ತು ಸಿಂಕಿನ ಮುಂದೆ ಬಾಗಿ ನಿಂತಿದ್ದ, ಬಾಯಲ್ಲಿ ಮೊಸರು, ಕಣ್ಣಲ್ಲಿ ನೀರು. ಸ್ವಲ್ಪ ಸುಧಾರಿಸಿಕೊಂಡು ನನ್ನ ಕಡೆ ತಿರುಗಿದ.

"ಅಕ್ಕಾರ, ಇದೇನ್ರಿ? ಅರ್ಧಾ ಬ್ಯಾಡಗಿ, ಅರ್ಧಾ ದೊಣ್ಣಿ. ಖಾರನೂ ಅರ್ಧಾ ಆಗಬೇಕಿತ್ತಲ್ಲ."

"ಹಾಲಿಗೆ ನೀರು ಬೆರೆಸೋ ಲೆಕ್ಕ ಅಲ್ಲ ಕಣ್ರಿ ಇದು," ಅಂದೆ. "ಮೊದಲ ತಲೆಮಾರಿನಲ್ಲಿ ಖಾರದ ಗುಣವೇ ಮೇಲುಗೈ, ಎಲ್ಲ ಗಿಡವೂ ಖಾರವೇ. ಇದರ ಬೀಜ ಬಿತ್ತಿ. ಮುಂದಿನ ತಲೆಮಾರಿನಲ್ಲಿ ನಾಲ್ಕಕ್ಕೊಂದು ಗಿಡ ಸಪ್ಪೆ ಬರಬಹುದು."

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀವು ತಿಂತಿರಲಿಲ್ಲ. ನೀವು ತಿನ್ನದೇ ಇದ್ರೆ ನಾಲ್ಕನೇ ಭಾಗದಲ್ಲಿ ನಾನು ಏನು ಬರೀಲಿ?"

ಅವನು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

"ಕಥಿ ನಿಮ್ಮದಿರಬಹುದ್ರಿ," ಅಂದ. "ಬಾಯಿ ನಂದೈತಿ."

(ಪಾತ್ರಗಳು ಒಳ್ಳೆಯ ಮಾತಾಡಿದಾಗ ಮೆಚ್ಚಿಕೊಳ್ಳಬಾರದು. ತಲೆಯ ಮೇಲೆ ಹತ್ತಿ ಕೂರುತ್ತವೆ.)

"ಬಾಯಿ ನಿಮ್ದೇ ಆದ್ರೆ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ? ಚೂರು ತೆಗೀಬೇಕು ಅಂದಿದ್ರಲ್ಲ ಡಾಕ್ಟ್ರು?"

"ಮಾವಾ ಬಿಟ್ಟೀನಲ್ರಿ. ಬಿಟ್ಟ ಮ್ಯಾಲೆ ಇನ್ನ್ಯಾಕ? ಈ ಕಾಯಿ ಒಂದು ಬರಲಿ, ಎಲ್ಲಾ ಬರೋಬ್ಬರಿ ಆಗತೈತಿ."

ನಿಮಗೂ ಗೊತ್ತು, ನನಗೂ ಗೊತ್ತು, ಇದು ಹೆದರಿದವನ ಮಾತು. ಹೆದರಿದ ಗಂಡಸರು ಒಂದು ಹವ್ಯಾಸ ಹಿಡಿಯುತ್ತಾರೆ. ಕೆಲವರು ಯೋಗ ಮಾಡುತ್ತಾರೆ, ಕೆಲವರು ವಾಟ್ಸಾಪಿನಲ್ಲಿ ದೇಶ ಉಳಿಸುತ್ತಾರೆ. ಇವನು ಮೆಣಸಿನಕಾಯಿ ಹಿಡಿದ.

೫

ಮೇ ತಿಂಗಳನ್ನು ಹಾರಿಸುತ್ತೇನೆ. ಇಲ್ಲಿ ಗಿಡ ಸಾಯುವುದು ಆ ತಿಂಗಳ ಬೆಂಕಿಗೆ, ಅದರ ಬಗ್ಗೆ ಗಡ್ಡದವನು ಒಂದು ಮಾತೂ ಆಡಿರಲಿಲ್ಲ. ಜಲಜಾ ಹಳೆಯ ಬೆಡ್‌ಶೀಟು ಕಟ್ಟಿ ನೆರಳು ಮಾಡಿದಳು. ಮಳೆ ಬಂದ ಮೇಲೆ ಎರಡನೇ ತಲೆಮಾರಿನ ಸಸಿಗಳು ಬಾಲ್ಕನಿ ತುಂಬಿದವು, ಬಟ್ಟೆ ಒಣಗುವ ಹಗ್ಗ ಹಾಲ್‌ನೊಳಕ್ಕೆ ಬಂತು. ನವೆಂಬರ್ ಬಂದಾಗ ಜಲಜಾ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಜನವರಿಯಲ್ಲಿ ರುಚಿ ನೋಡುವ ಕೆಲಸ. ಗಂಡ ನೋಡುವುದು ಬೇಡ, ಮೊದಲು ನಾನು ನೋಡುತ್ತೇನೆ ಎಂದು ಅವಳೇ ಬಾಲ್ಕನಿಯಲ್ಲಿ ಮಣೆ ಹಾಕಿ ಕೂತಳು. ಒಂದೊಂದು ಗಿಡದಿಂದ ಒಂದೊಂದು ಹಣ್ಣು.

"ಇದು ಖಾರ ಐತಿ. ಇದೂ ಐತಿ. ಇದು ಭಾಳ ಐತಿ, ನೀವು ಆ ಕಡೆ ಸರೀರಿ."

ಮಳೆನೀರಿನ ಪೈಪಿನ ಹತ್ತಿರ ಸಣ್ಣ ಡಬ್ಬದಲ್ಲಿದ್ದ ಗಿಡದ ಹಣ್ಣನ್ನು ಕಚ್ಚಿದಳು. ಇನ್ನೊಮ್ಮೆ ಕಚ್ಚಿದಳು. ಖಾರ ಕೂತಿರುವುದು ಒಳಗಿನ ಬಿಳಿ ತಿರುಳಿನಲ್ಲಿ, ಅದನ್ನೂ ಬೀಜದ ಸಮೇತ ಜಗಿದು ನುಂಗಿದಳು.

"ಇಲ್ಲ," ಅಂದಳು. "ಏನೂ ಇಲ್ರಿ. ಕೂಸಿಗೆ ಕ್ವಟ್ರೂ ತಿಂತೈತಿ."

ಉಮಾಕಾಂತ ಗಿಡದ ಮುಂದೆ ಕೂತುಬಿಟ್ಟ. ಅದರ ಎಲೆಗಳ ಧೂಳನ್ನು ಬನಿಯನ್ನಿನ ಅಂಚಿನಿಂದ ಒಂದೊಂದಾಗಿ ಒರೆಸಿದ. ನಾನು ಇಲ್ಲಿ ಒಂದು ಕುಹಕ ಬರೆಯಬೇಕೆಂದು ಕೂತಿದ್ದೆ, ಒಂದೂ ಹೊಳೆಯಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ಒಂದೇ ಅಡುಗೆ. ಆ ಗಿಡದ ಹಣ್ಣುಗಳನ್ನಷ್ಟೇ ರುಬ್ಬಿ ರಂಜಕ, ಬೆಳ್ಳುಳ್ಳಿ ಹಾಕಲಿಲ್ಲ, ಲಿಂಬೆ ಹಿಂಡಲಿಲ್ಲ, ಚಿಟಿಕೆ ಉಪ್ಪು ಮಾತ್ರ. ಬಿಸಿ ಜೋಳದ ರೊಟ್ಟಿ. ಜಲಜಾ ತನ್ನ ತಾಟನ್ನೂ ಹಾಲ್‌ಗೆ ತಂದು ಗಂಡನ ಪಕ್ಕ ಕೂತಳು. ಟಿವಿ ಆರಿಸಿದಳು. ಉಮಾಕಾಂತ ರೊಟ್ಟಿಯನ್ನು ಸಣ್ಣಗೆ ಮುರಿದು, ಕೆಂಪಗೆ ಅದ್ದಿ, ಬಾಯಿ ತೆರೆದಷ್ಟೇ ಜಾಗದಲ್ಲಿ ತುರುಕಿಕೊಂಡ.

"ಹೆಂಗೈತ್ರಿ?"

ಅವನು ಜಗಿಯಲಿಲ್ಲ, ಉಗುಳಲೂ ಇಲ್ಲ. ಬಹಳ ಹೊತ್ತಿನ ಮೇಲೆ ಮುಖ ಕಿವುಚಿ ನುಂಗಿದ.

"ಖಾರ ಐತಿ."

"ಎಲ್ಲೈತಿ?" ಜಲಜಾ ಬರೇ ರಂಜಕವನ್ನೇ ಚಮಚದಲ್ಲಿ ತೆಗೆದು ತಿಂದಳು. "ನೋಡ್ರಿ ತಿಂದೆ. ಖಾರ ಇಲ್ಲ, ಏನಿಲ್ಲ."

"ಉರೀತೈತಿ, ಜಲಜಾ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ತಾಟಿನಿಂದ ಏನೂ ಹಚ್ಚದ ರೊಟ್ಟಿಯ ತುಣುಕು ಮುರಿದು ಅವನ ಮುಂದೆ ಹಿಡಿದಳು.

"ಇದನ್ನ ತಿನ್ರಿ. ಬರೇ ರೊಟ್ಟಿ."

ಅವನು ಕೈ ಚಾಚಲಿಲ್ಲ.

"ಇದೂ ಉರೀತೈತೇನು?"

ಅವನು ತಾಟು ನೋಡುತ್ತಿದ್ದ.

"ಎಂದಿನಿಂದ?"

"ದೀಪಾವಳಿಯಿಂದ."

"ಅನ್ನಾ?"

"ಅನ್ನಾನೂ."

"ನೀರು?"

ಅವನು ಪಕ್ಕದಲ್ಲಿದ್ದ ನೀರಿನ ಲೋಟವನ್ನು ದೂರ ಸರಿಸಿದ. ಎರಡೂವರೆ ವರ್ಷದಿಂದ ಮೆಣಸಿನಕಾಯಿಯ ಮೇಲೆ ಹೊರಿಸಿದ್ದ ತಪ್ಪು ಮೆಣಸಿನಕಾಯಿಯದಲ್ಲ ಎಂದು ಇಬ್ಬರಿಗೂ ಗೊತ್ತಾಗಿತ್ತು. ಜಲಜಾ ಎದ್ದು ಒಳಗೆ ಹೋಗಿ ಬ್ಯಾಗು ತೆಗೆದು ಅವನ ಇಸ್ತ್ರಿ ಅಂಗಿ ಮಡಚತೊಡಗಿದಳು.

೬

ಈಗ ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ, ಸಂತೆಗೆ ಬಂದಿದ್ದೀರಿ.

ಅಂತ್ಯ ಒಂದು. ಉಮಾಕಾಂತ ಕೋಪದಲ್ಲಿ ಗಿಡಗಳನ್ನೆಲ್ಲ ಕಿತ್ತೆಸೆಯುತ್ತಾನೆ, ಪೈಪಿನ ಹತ್ತಿರದ್ದು ಮಾತ್ರ ಉಳಿದು ಹೂ ಬಿಡುತ್ತದೆ. ಹೂ ಬಿಟ್ಟು ಮುಗಿಯುವ ಕಥೆ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಂತ್ಯ ಎರಡು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬರುತ್ತದೆ. ಮುಲಾಮು, ಬಾಯಿಗೆ ವ್ಯಾಯಾಮ, ಆರು ತಿಂಗಳಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಾರೆ. ನೀವು ನಿಟ್ಟುಸಿರು ಬಿಟ್ಟು ಮಗ್ಗುಲು ಬದಲಿಸಿ ಮಲಗುತ್ತೀರಿ.

ಅಂತ್ಯ ಮೂರು. ಪರೀಕ್ಷೆಯಲ್ಲಿ ಅದೇ ಎಂದು ಬರುತ್ತದೆ. ಮಾವಾ ಜಗಿಯುವವರಿಗೆ ನೀತಿ, ಸರ್ಕಾರದವರು ಬಸ್ ಸ್ಟ್ಯಾಂಡಿನ ಗೋಡೆಗೆ ಬರೆಸುವಂಥದ್ದು.

ಮೂರನೆಯದನ್ನು ಟೈಪ್ ಮಾಡುತ್ತಿದ್ದಾಗ ನನ್ನ ಮನೆಯ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಇಬ್ಬರೂ ನಿಂತಿದ್ದರು. ಅವನದು ಇಸ್ತ್ರಿ ಅಂಗಿ, ಅವಳ ಕೈಯಲ್ಲಿ ಬ್ಯಾಗು.

"ಬೆಳಿಗ್ಗೆ ಬಸ್ಸಿಗೆ ಬಂದ್ವಿರಿ," ಅಂದಳು ಜಲಜಾ. "ದವಾಖಾನಿಗೆ ಹೋಗಬೇಕು. ನಮಗ ಈ ಊರಾಗ ಗುರ್ತಿದ್ದವರು ನೀವೊಬ್ಬರ."

ಕಥೆಯವರು ಮನೆಗೆ ಬಂದರೆ ಏನು ಮಾಡಬೇಕೆಂದು ಯಾವ ಕಮ್ಮಟದಲ್ಲೂ ಹೇಳಿಕೊಟ್ಟಿಲ್ಲ. ನೀರು ಕೊಟ್ಟೆ. ಉಮಾಕಾಂತ ಲೋಟ ಹಿಡಿದು ಕೂತ, ಕುಡಿಯಲಿಲ್ಲ. ಜಲಜಾ ಟೇಬಲ್ಲಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪಿಗೆ ಬಗ್ಗಿ ಮೇಲಿನಿಂದ ಕೆಳಗಿನವರೆಗೆ ಓದಿದಳು.

"ನಮಗೊಬ್ಬಾಕಿ ಮಗಳಿದ್ದಳಲ್ರಿ, ಕೃಪಾ ಅಂತ," ಅಂದಳು. "ಆಕೀನ್ಯಾಕ ತಗದ್ರಿ?"

"ಕಥೆಗೆ ಬೇಕಿರಲಿಲ್ಲ."

"ನಮಗ ಬೇಕಾಗಿತ್ತು."

ನನಗೆ ನಾಚಿಕೆಯಾಯಿತು. ಇದನ್ನು ಇಷ್ಟು ಸರಳವಾಗಿ ಬರೆಯುವುದು ನನ್ನ ಶೈಲಿಯಲ್ಲ, ಆದರೂ ಆಯಿತು. "ಈಗಲೇ ವಾಪಸ್ ಹಾಕ್ಲಾ?" ಅಂದೆ.

"ಬ್ಯಾಡ ಬಿಡ್ರಿ. ಮಾರಿ ನೋಡದ ಮಗಳ್ನ ಈಗ ಎಲ್ಲಿ ಕರಕೊಂಡು ಹೋಗೂದು. ನೀವ ಬರ್ರಿ."

೭

ಹೋದೆ. ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಸ್ಟೀಲಿನ ಬೆಂಚು, ಮೂವರೂ ಒಂದೇ ಸಾಲಿನಲ್ಲಿ ಕೂತೆವು. ನಮ್ಮ ಎದುರಿಗೆ ಕೂತವರೆಲ್ಲ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರಲ್ಲಿ ಯಾರನ್ನೂ ನಾನು ಸೃಷ್ಟಿಸಿರಲಿಲ್ಲ.

"ಉಮಾಕಾಂತ್," ಅಂದೆ ಮೆಲ್ಲಗೆ, "ಎರಡನೇ ಅಂತ್ಯ ಬರೆದುಬಿಡ್ತೀನಿ. ಏನೂ ಇಲ್ಲ ಅಂತ. ನನ್ನ ಕೈಯಲ್ಲಿದೆ ಅದು. ಒಂದು ಸಾಲಿನ ಕೆಲಸ."

ಉಮಾಕಾಂತ ತಲೆ ಅಲ್ಲಾಡಿಸಿದರು.

"ನೀವು ಬರದ್ರ ನಾ ನಂಬಂಗಿಲ್ರಿ," ಅಂದರು. "ಆ ಮೊದಲನೇ ಕಾಯಿ ಖಾರ ಇರತೈತಿ ಅಂತ ಗೊತ್ತಿದ್ದೂ ನೀವು ಹೇಳಲಿಲ್ಲ. ಡಾಕ್ಟರ್ ಹೇಳಲಿ."

ಜಲಜಾ ನನ್ನ ಪರವಾಗಿ ಒಂದು ಮಾತಾಡಬಹುದೆಂದು ಆಕೆಯ ಕಡೆ ನೋಡಿದೆ. ಆಕೆ ಗಂಡನ ಕಾಲರಿನ ಮೇಲಿದ್ದ ದಾರದ ಎಳೆ ತೆಗೆಯುತ್ತಿದ್ದರು.

ನರ್ಸ್ ಹೆಸರು ಕೂಗಿದಳು. ಉಮಾಕಾಂತ ಎದ್ದರು, ಎರಡು ಹೆಜ್ಜೆ ಇಟ್ಟವರು ನಿಂತು ಹಿಂದೆ ನೋಡಿದರು.

"ಅಕ್ಕಾರ, ನೀವೂ ಒಳಗ ಬರ್ರಿ. ಆದ್ರ ಬರೀಬ್ಯಾಡ್ರಿ. ಸುಮ್ಮ ನಮ್ಮ ಜೋಡಿ ನಿಂದರ್ರಿ."

ಅವರ ಹಿಂದೆ ಹೋದೆ. ನೀವೂ ಎದ್ದು ಬರುತ್ತಿದ್ದೀರಿ, ಗೊತ್ತು. ಇಷ್ಟೆಲ್ಲ ಓದಿದ ಮೇಲೆ ಏನಾಯಿತೆಂದು ತಿಳಿಯುವ ಹಕ್ಕು ತಮಗಿದೆ ಎಂದು ನಿಮ್ಮ ಎಣಿಕೆ. ಇಲ್ಲ, ಅಲ್ಲೇ ನಿಲ್ಲಿ. ರೋಗಿಯ ಮನೆಯವರಿಗೆ ಮಾತ್ರ ಪ್ರವೇಶ ಎಂದು ಬಾಗಿಲ ಮೇಲೆ ಗುಜರಾತಿಯಲ್ಲಿ ಬರೆದಿದೆ.

ಒಳಗೆ ಡಾಕ್ಟರು ದೀಪವನ್ನು ಕೆಳಕ್ಕೆ ಎಳೆದು, ಬಾಯಿ ತೆರೆಯಿರಿ ಅಂದರು. ಉಮಾಕಾಂತರು ಒಂದು ಕೈಯಲ್ಲಿ ಜಲಜಾರ ಕೈ ಹಿಡಿದರು, ಇನ್ನೊಂದನ್ನು ನನ್ನ ಕಡೆ ಚಾಚಿದರು, ಮತ್ತು ಎಷ್ಟು ಬರುತ್ತದೋ ಅಷ್ಟು ತೆರೆದರು. ನಾನು ಕಾಲಿನಿಂದ ಬಾಗಿಲು ದೂಡಿ ಮುಚ್ಚಿದೆ.